ಮಕ್ಕಳ ಆಟದ ಖಾತೆಗೆ ಎರಡನೆಯ ಬೀಗ

ಹೊಸಕೋಟೆಯಿಂದ ಚಿಂತಾಮಣಿ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಪಿಲ್ಲಗುಂಪೆ ಸಿಗುತ್ತದೆ. ಈಗ ಆ ಹೆಸರು ಕೇಳಿದರೆ ಜನರಿಗೆ ಹಳ್ಳಿಗಿಂತ ಮೊದಲು ನೆನಪಾಗುವುದು ಕೈಗಾರಿಕಾ ಪ್ರದೇಶ. ಹಗಲಿರುಳೆನ್ನದೆ ಲಾರಿಗಳ ಓಡಾಟ, ಪಾಳಿ ಮುಗಿಸಿ ಬರುವವರು, ಪಾಳಿಗೆ ಹೊರಟವರು. ನನ್ನ ಅಕ್ಕನ ಮನೆ ಅಲ್ಲಿದೆ. ಭಾವನಿಗೆ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ. ಮನೆಯಲ್ಲಿರುವುದು ಎರಡೇ ಮೊಬೈಲ್. ಒಂದು ಭಾವನ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತದೆ. ಇನ್ನೊಂದು ಅಕ್ಕನದು. ಅಕ್ಕನದು ಎಂಬುದು ಹೆಸರಿಗೆ ಮಾತ್ರ. ಶಾಲೆ ಮುಗಿದ ಮೇಲೆ ಅದು ಒಂಬತ್ತನೇ ತರಗತಿಯಲ್ಲಿ ಓದುವ ಅವಳ ಮಗನ ಕೈಯಲ್ಲಿರುತ್ತದೆ.

ಕಳೆದ ರಜೆಯಲ್ಲಿ ನಾನು ಅಲ್ಲಿಗೆ ಹೋದಾಗ ಹುಡುಗ ಮಂಕಾಗಿದ್ದ. ಊಟಕ್ಕೆ ಕರೆದರೆ ಬೇಡ ಎನ್ನುತ್ತಿದ್ದ. ಜ್ವರವಿರಬಹುದೆಂದು ಅಕ್ಕ ಹಣೆ ಮುಟ್ಟಿ ನೋಡಿದಳು. ರಾತ್ರಿ ಇಶಾ ನಮಾಝ್ ಮುಗಿಸಿ ಕುಳಿತಿದ್ದಾಗ ನನ್ನ ಬಳಿ ಬಂದು ಮೆಲ್ಲನೆ ಹೇಳಿದ: "ಖಾಲಾ, ನನ್ನ ಐಡಿ ಹೋಯ್ತು. ಅಮ್ಮಿಗೆ ಹೇಳಬೇಡಿ."

"ಯಾವ ಐಡಿ ಬೇಟಾ?"

"ಗೇಮಿಂದು."

ಒಂದು ಕ್ಷಣ ನನಗೂ ನಗು ಬಂತು. ಆದರೆ ಅವನ ಕಣ್ಣಲ್ಲಿ ನೀರು ಕಂಡಾಗ ನಗು ನಿಂತಿತು. ಎರಡು ವರ್ಷದಿಂದ ಆಡಿ ಬೆಳೆಸಿದ ಖಾತೆ ಅದು. ಈದ್‌ಗೆ ಸಿಕ್ಕಿದ ದುಡ್ಡಿನಲ್ಲಿ ಸ್ವಲ್ಪವನ್ನು, ತಂದೆಯ ಅನುಮತಿ ಪಡೆದೇ, ಅದರೊಳಗಿನ ಉಡುಪು ಕೊಳ್ಳಲು ಹಾಕಿದ್ದ. ಆಟದಲ್ಲಿ ಪರಿಚಯವಾದ ಒಬ್ಬ 'ಅಣ್ಣ' ಶುಕ್ರವಾರ ಜುಮಾ ಮುಗಿದ ನಂತರ ಸಂದೇಶ ಕಳುಹಿಸಿದ್ದನಂತೆ: ನಿನಗೆ ಉಚಿತವಾಗಿ ನಾಣ್ಯ ಹಾಕಿಸುತ್ತೇನೆ, ನಿನ್ನ ಇಮೇಲ್ ವಿಳಾಸ ಹೇಳು. ಹುಡುಗ ಹೇಳಿದ. ಈಗ ನಿಮ್ಮ ಮೊಬೈಲಿಗೆ ಒಂದು ನಂಬರ್ ಬರುತ್ತದೆ, ಅದನ್ನೂ ಹೇಳು. ಅಕ್ಕ ಅಡುಗೆಮನೆಯಲ್ಲಿ ರೊಟ್ಟಿ ಬೇಯಿಸುತ್ತಿದ್ದಳು. ಹುಡುಗ ಸಂದೇಶ ತೆರೆದು ಆ ಆರು ಅಂಕೆಗಳನ್ನೂ ಹೇಳಿದ. ಅಷ್ಟೇ. ಆಚೆ ಕಡೆಯವನು ಮಾಡಿದ್ದು ಬೇರೇನಲ್ಲ. 'ಪಾಸ್‌ವರ್ಡ್ ಮರೆತಿದ್ದೇನೆ' ಎಂಬುದನ್ನು ಒತ್ತಿದ್ದ. ಮನೆಯ ಯಜಮಾನನೇ ಬೀಗದ ಕೈ ಕಳೆದುಕೊಂಡಿದ್ದಾನೆಂದು ಕಂಪೆನಿ ನಂಬಿತು. ಹೊಸ ಪಾಸ್‌ವರ್ಡ್ ಅವನದಾಯಿತು.

ಅಕ್ಕನ ಮೊಬೈಲ್ ಆಗಲೇ ಎರಡು ಸಲ ಮತ್ತೆ ಪಾಸ್‌ವರ್ಡ್ ಕೇಳಿತ್ತಂತೆ. ನೆಟ್‌ವರ್ಕ್ ಸರಿಯಿಲ್ಲವೆಂದು ಅವಳು ಅದನ್ನು ಮುಚ್ಚಿಬಿಟ್ಟಿದ್ದಳು.

ಹೋದದ್ದು ಆಟದ ಖಾತೆ ಮಾತ್ರವೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿದ್ದೆನೋ ಇಲ್ಲವೋ. ಆಟಕ್ಕೆ ಜೋಡಿಸಿದ್ದು ಅಕ್ಕನ ಇಮೇಲ್ ಖಾತೆ. ಅದರೊಳಗೆ ಭಾವನ ಆಧಾರ್ ಕಾರ್ಡಿನ ಚಿತ್ರ, ಪ್ಯಾನ್ ಕಾರ್ಡಿನ ಚಿತ್ರ, ಬ್ಯಾಂಕಿನ ಪತ್ರಗಳು ಎಲ್ಲವೂ ಇದ್ದವು. ಅವೆಲ್ಲಕ್ಕಿಂತ ಹೆಚ್ಚಾಗಿ, ನಮ್ಮ ತಾಯಿ ತಮ್ಮ ಕೊನೆಯ ರಮಝಾನಿನಲ್ಲಿ ಕುರ್‌ಆನ್ ಪಾರಾಯಣ ಮಾಡುತ್ತಿದ್ದಾಗ ಅಕ್ಕ ಮೊಬೈಲಿನಲ್ಲಿ ಹಿಡಿದಿಟ್ಟ ಧ್ವನಿಮುದ್ರಣಗಳು ಇದ್ದದ್ದೂ ಅಲ್ಲಿಯೇ. ಬೇರೆಲ್ಲೂ ಅವುಗಳ ಪ್ರತಿ ಇರಲಿಲ್ಲ. ಹುಡುಗನಿಗೆ ಅದು ಗೊತ್ತಿರಲಿಲ್ಲ. ಅಕ್ಕನಿಗೂ, ಆಟದ ಖಾತೆಗೂ ತನ್ನ ತಾಯಿಯ ಧ್ವನಿಗೂ ಒಂದೇ ಬಾಗಿಲು ಎಂಬುದು ಗೊತ್ತಿರಲಿಲ್ಲ.

'ಆಟ ತಾನೇ, ಹೋದರೆ ಹೋಗಲಿ, ಓದಿಕೊಳ್ಳಲಿ' ಎನ್ನುವ ಹಿರಿಯರು ನಮ್ಮಲ್ಲಿ ಬಹಳ. ನಾನೂ ಒಂದು ಕಾಲಕ್ಕೆ ಹಾಗೆಯೇ ಹೇಳುತ್ತಿದ್ದೆ. ಆದರೆ ಕಳ್ಳರು ಹಾಗೆ ಭಾವಿಸಿಲ್ಲ. ಕಂಪ್ಯೂಟರ್ ಆಟಗಳನ್ನು ಮಾರುವ 'ಸ್ಟೀಮ್' ಎಂಬ ತಾಣವನ್ನು ನಡೆಸುವ ಅಮೆರಿಕದ ಕಂಪೆನಿ ವಾಲ್ವ್, ತನ್ನಲ್ಲಿ ಪ್ರತಿ ತಿಂಗಳೂ ಸುಮಾರು 77,000 ಖಾತೆಗಳು ಕಳ್ಳರ ಪಾಲಾಗುತ್ತಿವೆಯೆಂದು 2015ರ ಡಿಸೆಂಬರಿನಲ್ಲಿ ತಾನೇ ಒಪ್ಪಿಕೊಂಡಿತು. ಆಟದೊಳಗಿನ ಕತ್ತಿ, ಉಡುಪು, ಬಂದೂಕಿನ ಬಣ್ಣ, ಇವೆಲ್ಲ ನಿಜವಾದ ಹಣಕ್ಕೆ ಮಾರಾಟವಾಗುತ್ತಿದ್ದುದೇ ಅದಕ್ಕೆ ಕಾರಣ. ಅದಕ್ಕೂ ಮೊದಲು, 2011ರ ಏಪ್ರಿಲಿನಲ್ಲಿ, ಸೋನಿ ಕಂಪೆನಿಯ ಪ್ಲೇಸ್ಟೇಷನ್ ಜಾಲಕ್ಕೆ ಕನ್ನ ಬಿದ್ದಿತ್ತು. ಆಗ ಸುಮಾರು 7 ಕೋಟಿ 70 ಲಕ್ಷ ಖಾತೆಗಳ ವಿವರ ಅಪಾಯಕ್ಕೆ ಸಿಲುಕಿ, ಇಡೀ ಜಾಲವೇ ಮೂರು ವಾರಕ್ಕೂ ಹೆಚ್ಚು ಕಾಲ ಮುಚ್ಚಿತ್ತು. ಅಷ್ಟಾದರೂ ಆ ಕಂಪೆನಿ ತನ್ನ ಆಟಗಾರರಿಗೆ ಎರಡು ಹಂತದ ಬೀಗ ಒದಗಿಸಿದ್ದು 2016ರಲ್ಲಿ. ಬುದ್ಧಿ ಬರಲು ದೊಡ್ಡವರಿಗೂ ಐದು ವರ್ಷ ಬೇಕಾಯಿತೆಂದರೆ ನಮ್ಮ ಮಕ್ಕಳನ್ನು ಬೈದು ಫಲವೇನು?

ಈ ಎರಡು ಹಂತದ ಬೀಗವೆಂದರೇನು? ಇದನ್ನು ಅಕ್ಕನಿಗೆ ವಿವರಿಸಲು ಹೊರಟಾಗ ನನಗೆ ನೆನಪಾದದ್ದು ಜಾಬಿರ್ ಬಿನ್ ಅಬ್ದುಲ್ಲಾ(ರ)ರ ಪ್ರಸಂಗ. ಸಹೀಹುಲ್ ಬುಖಾರಿಯಲ್ಲಿ ಅದು ವರದಿಯಾಗಿದೆ. ತಮ್ಮ ತಂದೆಯ ಸಾಲದ ವಿಚಾರವಾಗಿ ಅವರು ಪ್ರವಾದಿವರ್ಯರ(ಸ) ಮನೆಗೆ ಹೋಗಿ ಬಾಗಿಲು ತಟ್ಟಿದರು. ಯಾರೆಂದು ಒಳಗಿನಿಂದ ಪ್ರಶ್ನೆ ಬಂತು. ಜಾಬಿರ್(ರ) 'ನಾನು' ಎಂದರು. ಪ್ರವಾದಿವರ್ಯರಿಗೆ(ಸ) ಆ ಉತ್ತರ ಹಿಡಿಸಲಿಲ್ಲ. 'ನಾನು' ಎಂಬ ಮಾತನ್ನೇ ಅವರು ಅಸಮಾಧಾನದಿಂದೆಂಬಂತೆ ಮರಳಿ ಉಚ್ಚರಿಸಿದರು. ಬಾಗಿಲು ತಟ್ಟುವ ಪ್ರತಿಯೊಬ್ಬನೂ 'ನಾನು' ಎಂದೇ ಹೇಳಬಲ್ಲ. ಒಳಗಿರುವವರಿಗೆ ಅದರಿಂದ ಏನು ತಿಳಿಯಿತು?

ಪಾಸ್‌ವರ್ಡ್ ಎಂಬುದು ಈ 'ನಾನು' ಎಂಬ ಉತ್ತರದಂತೆ. ಅದನ್ನು ಕದ್ದವನೂ ಹೇಳಬಲ್ಲ, ಊಹಿಸಿದವನೂ ಹೇಳಬಲ್ಲ. ನಮ್ಮ ಮಕ್ಕಳಂತೂ ತಮ್ಮ ಹೆಸರಿನ ಮುಂದೆ 123 ಸೇರಿಸಿದ ಒಂದೇ ಪಾಸ್‌ವರ್ಡನ್ನು ಹತ್ತು ಕಡೆ ಇಟ್ಟಿರುತ್ತಾರೆ. ಯಾವುದೋ ಒಂದು ಸಣ್ಣ ತಾಣದಿಂದ ಅದು ಸೋರಿದರೆ, ಕಳ್ಳ ಅದೇ ಕೀಲಿಯನ್ನು ಉಳಿದ ಒಂಬತ್ತು ಬಾಗಿಲುಗಳಿಗೂ ಹಾಕಿ ನೋಡುತ್ತಾನೆ. ಆದ್ದರಿಂದ ಒಳಗಿನವರು ಎರಡನೆಯ ಗುರುತನ್ನೂ ಕೇಳುವುದು ಒಳ್ಳೆಯದು: ನಿನಗೆ ಗೊತ್ತಿರುವುದನ್ನು ಹೇಳಿದೆ, ಇನ್ನು ನಿನ್ನ ಕೈಯಲ್ಲಿರುವುದನ್ನು ತೋರಿಸು.

ಇದು ಹೊಸ ವಿದ್ಯೆಯೇನಲ್ಲ. ಎಟಿಎಂನಲ್ಲಿ ಕಾರ್ಡೂ ಬೇಕು, ಗುಪ್ತ ಸಂಖ್ಯೆಯೂ ಬೇಕು. ಕಾರ್ಡ್ ಕದ್ದವನಿಗೆ ಸಂಖ್ಯೆ ಗೊತ್ತಿಲ್ಲ, ಸಂಖ್ಯೆ ಇಣುಕಿ ನೋಡಿದವನ ಬಳಿ ಕಾರ್ಡ್ ಇಲ್ಲ. ಅಂತರ್ಜಾಲದಲ್ಲಿ ಕಾರ್ಡ್ ಬಳಸಿ ಹಣ ಪಾವತಿಸುವಾಗಲೂ ಹೀಗೆ ಇನ್ನೊಂದು ಗುರುತು ಬೇಕೆಂದು ನಮ್ಮ ರಿಸರ್ವ್ ಬ್ಯಾಂಕ್ 2009ರ ಆಗಸ್ಟಿನಿಂದಲೇ ಕಡ್ಡಾಯ ಮಾಡಿತು. ಮೊಬೈಲಿಗೆ ಬರುವ ಒಟಿಪಿ ನಮ್ಮ ಮನೆಗಳಲ್ಲಿ ಹಿರಿಯರಿಗೂ ಪರಿಚಿತವಾದದ್ದು ಇಂತಹ ಪಾವತಿಗಳಿಂದಲೇ. ಆಟದ ಲೋಕವಂತೂ ಅದಕ್ಕಿಂತ ಮೊದಲೇ ಎಚ್ಚೆತ್ತಿತ್ತು. 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆಟದ ಕಂಪೆನಿ 2008ರಲ್ಲಿಯೇ ಬೀಗದ ಕೈಗೊಂಚಲಿಗೆ ತೂಗುಹಾಕುವಂತಹ ಸಣ್ಣ ಯಂತ್ರವೊಂದನ್ನು ಆರೂವರೆ ಡಾಲರಿಗೆ ಮಾರತೊಡಗಿತು. ಅದರ ಗುಂಡಿ ಒತ್ತಿದರೆ ಒಂದು ಸಂಖ್ಯೆ ಬರುತ್ತಿತ್ತು. ಅದನ್ನು ಹೇಳದೆ ಆಟದೊಳಗೆ ಪ್ರವೇಶವಿಲ್ಲ.

ಈಗ ಆ ಯಂತ್ರದ ಕೆಲಸವನ್ನು ಮೊಬೈಲಿನೊಳಗಿನ ಪುಟ್ಟ ಆ್ಯಪ್ ಮಾಡುತ್ತದೆ. ಗೂಗಲ್ ಅಥೆಂಟಿಕೇಟರ್, ಮೈಕ್ರೋಸಾಫ್ಟ್ ಅಥೆಂಟಿಕೇಟರ್ ಇತ್ಯಾದಿ ಹೆಸರುಗಳಲ್ಲಿ ಅದು ಉಚಿತವಾಗಿ ಸಿಗುತ್ತದೆ. ಇದರ ಕೆಲಸ ಸ್ವಾರಸ್ಯಕರ. ಮೊದಲ ದಿನ ಚೌಕಾಕಾರದ ಕ್ಯೂಆರ್ ಚಿತ್ರವನ್ನು ಮೊಬೈಲಿಗೆ ತೋರಿಸುತ್ತೇವಲ್ಲ, ಆಗ ಕಂಪೆನಿಗೂ ಮೊಬೈಲಿಗೂ ಒಂದು ಗುಟ್ಟಿನ ಒಪ್ಪಂದವಾಗುತ್ತದೆ. ಅನಂತರ ಇಬ್ಬರೂ ತಮ್ಮ ತಮ್ಮ ಗಡಿಯಾರ ನೋಡಿ, ಅದೇ ಗುಟ್ಟಿನಿಂದ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಹೊಸ ಆರು ಅಂಕೆಗಳನ್ನು ಲೆಕ್ಕ ಹಾಕುತ್ತಾರೆ. ಎರಡೂ ತಾಳೆಯಾದರೆ ಬಾಗಿಲು ತೆರೆಯುತ್ತದೆ. ಆ ಸಂಖ್ಯೆ ಹುಟ್ಟಲು ನೆಟ್‌ವರ್ಕ್ ಬೇಡ, ಸಂದೇಶ ಬೇಡ, ಕರೆನ್ಸಿ ಬೇಡ. ಮೊಬೈಲಿನ ಗಡಿಯಾರ ಸರಿಯಿದ್ದರೆ ಸಾಕು. ಅಕ್ಕನಿಗೆ ಇದು ಬಹಳ ಮೆಚ್ಚುಗೆಯಾಯಿತು. ಮನೆಯ ಮೂಲೆಯೊಂದರಲ್ಲಿ ಬಿಟ್ಟರೆ ಬೇರೆಲ್ಲೂ ಅವಳಿಗೆ ಸಿಗ್ನಲ್ ಸಿಗುವುದಿಲ್ಲ.

ಇನ್ನು, ಬೀಗವನ್ನು ಹಾಕಬೇಕಾದದ್ದು ಎಲ್ಲಿ? ಹೆತ್ತವರು ಎಡವುವುದು ಇಲ್ಲಿಯೇ. ನಮ್ಮ ಮಕ್ಕಳು ಮೊಬೈಲಿನಲ್ಲಿ ಆಡುವ ಬಿಜಿಎಂಐ, ಫ್ರೀ ಫೈರ್ ಮ್ಯಾಕ್ಸ್‌ನಂತಹ ಆಟಗಳಿಗೆ ಹೆಚ್ಚಾಗಿ ಬಳಸುವುದು ಗೂಗಲ್ ಅಥವಾ ಫೇಸ್‌ಬುಕ್ ಖಾತೆಯ ಬಾಗಿಲನ್ನೇ. ಹಾಗಾದರೆ ಬೀಗವೂ ಅಲ್ಲಿಯೇ ಬೇಕು, ಆಟದೊಳಗೆ ಹುಡುಕಿದರೆ ಪ್ರಯೋಜನವಿಲ್ಲ. ರೋಬ್ಲಾಕ್ಸ್, ಸ್ಟೀಮ್, ಎಪಿಕ್ ಮೊದಲಾದವುಗಳಿಗೆ ಅವುಗಳದೇ ಖಾತೆಯಿದೆ, ಅವುಗಳ ಸೆಟ್ಟಿಂಗ್ಸ್‌ನಲ್ಲಿಯೇ ಎರಡು ಹಂತದ ವ್ಯವಸ್ಥೆಯೂ ಇದೆ. ಯಾವ ಖಾತೆಗೂ ಜೋಡಿಸದೆ 'ಅತಿಥಿ'ಯಾಗಿ ಆಡುವ ಮಕ್ಕಳೂ ಇದ್ದಾರೆ. ಅವರದು ಬಾಗಿಲೇ ಇಲ್ಲದ ಮನೆ. ಮೊಬೈಲ್ ಹಾಳಾದರೆ ಎಲ್ಲವೂ ಹೋದಂತೆಯೇ.

ಗೂಗಲ್ ಖಾತೆಗೆ ಇದನ್ನು ಹಾಕುವುದು ಹತ್ತು ನಿಮಿಷದ ಕೆಲಸ. ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಎಂಬುದನ್ನು ತೆರೆದು, ಖಾತೆಯನ್ನು ನಿರ್ವಹಿಸುವ ಪುಟಕ್ಕೆ ಹೋಗಿ, ಭದ್ರತೆ ಎಂಬ ಭಾಗದಲ್ಲಿ '2 ಹಂತದ ಪರಿಶೀಲನೆ'ಯನ್ನು ಆರಿಸಬೇಕು. ಅದು ಕೇಳಿದಂತೆ ಉತ್ತರಿಸುತ್ತಾ ಹೋದರಾಯಿತು. ಮುಗಿದ ಮೇಲೆ ಮರೆಯದೆ ಮಾಡಬೇಕಾದ ಇನ್ನೊಂದು ಕೆಲಸವಿದೆ. ಅಲ್ಲಿಯೇ 'ಬ್ಯಾಕಪ್ ಕೋಡ್'ಗಳೆಂದು ತಲಾ ಎಂಟು ಅಂಕೆಗಳ ಹತ್ತು ಸಂಖ್ಯೆಗಳು ಸಿಗುತ್ತವೆ. ಒಂದೊಂದನ್ನೂ ಒಂದೇ ಸಲ ಬಳಸಬಹುದು. ಮೊಬೈಲ್ ನೀರಿಗೆ ಬಿದ್ದರೆ, ಬಸ್ಸಿನಲ್ಲಿ ಕಳೆದರೆ ಕೈ ಹಿಡಿಯುವುದು ಅವೇ. ಹೆಚ್ಚಿನವರು ಅದರ ಚಿತ್ರ ತೆಗೆದು ಅದೇ ಮೊಬೈಲಿನಲ್ಲಿ ಇಟ್ಟುಕೊಳ್ಳುತ್ತಾರೆ! ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದಂತೆ. ಅಕ್ಕ ಅವುಗಳನ್ನು ಕಾಗದದ ಮೇಲೆ ಬರೆದು ರೇಷನ್ ಕಾರ್ಡ್, ನಿಕಾಹ್‌ನಾಮ ಇರುವ ಬೀರುವಿನಲ್ಲಿ ಇಟ್ಟಿದ್ದಾಳೆ.

ಮಕ್ಕಳು ಇದಕ್ಕೆ ಒಪ್ಪುವುದಿಲ್ಲ, ಪ್ರತಿ ಸಲ ಸಂಖ್ಯೆ ಹೊಡೆಯುವುದು ತಲೆನೋವು ಎನ್ನುತ್ತಾರೆ ಎಂಬ ದೂರಿದೆ. ನಂಬಿಕೆಯ ಮೊಬೈಲಿನಲ್ಲಿ ಪ್ರತಿ ಸಲ ಕೇಳುವುದಿಲ್ಲ, ಹೊಸ ಮೊಬೈಲಿನಿಂದ ಪ್ರವೇಶಿಸಿದಾಗ ಮಾತ್ರ ಕೇಳುವಂತೆ ಮಾಡಬಹುದು. ಫೋರ್ಟ್‌ನೈಟ್ ಆಟವನ್ನು ನಡೆಸುವ ಎಪಿಕ್ ಕಂಪೆನಿ 2018ರಲ್ಲಿ ಮಕ್ಕಳ ಮನಸ್ಸನ್ನು ಸರಿಯಾಗಿ ಅರಿತು, ಎರಡು ಹಂತದ ಬೀಗ ಹಾಕಿಕೊಂಡವರ ಆಟದ ಗೊಂಬೆಗೆ ಒಂದು ಹೊಸ ಕುಣಿತವನ್ನು ಉಚಿತವಾಗಿ ಕೊಟ್ಟಿತು. ಉಪದೇಶದಿಂದ ಆಗದ್ದು ಕುಣಿತದಿಂದ ಆಯಿತೆನ್ನಿ. ನಾವು ಹೆತ್ತವರು ಏನಿಲ್ಲವೆಂದರೂ ಒಂದು ಪ್ಲೇಟ್ ಹೊಸಕೋಟೆ ಬಿರಿಯಾನಿಯನ್ನಾದರೂ ಕೊಡಿಸಬಹುದು.

ಎರಡನೆಯ ಗುರುತು ಸಂದೇಶದ ರೂಪದಲ್ಲಿ ಬರುವುದು ಒಳ್ಳೆಯದೇ, ಆ್ಯಪ್‌ನಲ್ಲಿ ಇರುವುದೇ? ಗೂಗಲ್ 2019ರಲ್ಲಿ ಎರಡು ವಿಶ್ವವಿದ್ಯಾಲಯಗಳ ಸಂಶೋಧಕರೊಂದಿಗೆ ಸೇರಿ ಈ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿತು. ಮೊಬೈಲಿಗೆ ಸಂದೇಶದಲ್ಲಿ ಬರುವ ಕೋಡ್ ಯಂತ್ರಗಳು ನಡೆಸುವ ದಾಳಿಗಳನ್ನು ಸಂಪೂರ್ಣವಾಗಿ, ಸಾಮೂಹಿಕವಾಗಿ ಬಲೆ ಬೀಸುವ ವಂಚನೆಗಳಲ್ಲಿ ನೂರಕ್ಕೆ 96ನ್ನು ತಡೆದಿತ್ತು. ಆದರೆ ಒಬ್ಬನನ್ನೇ ಗುರಿಯಾಗಿಟ್ಟು ಬೆನ್ನು ಹತ್ತಿದ ದಾಳಿಗಳಲ್ಲಿ ತಡೆದದ್ದು ನೂರಕ್ಕೆ 76 ಮಾತ್ರ. ಮೊಬೈಲಿನ ಪರದೆಯಲ್ಲಿ 'ಇದು ನೀವೇ ತಾನೇ?' ಎಂದು ಕೇಳುವ ವಿಧಾನ ಅಲ್ಲಿಯೂ ನೂರಕ್ಕೆ 90ನ್ನು ತಡೆದಿತ್ತು. ಹಾಗಾಗಿ ಸಾಧ್ಯವಿದ್ದವರು ಆ್ಯಪ್ ಅಥವಾ ಪರದೆಯ ವಿಧಾನವನ್ನು ಆರಿಸಲಿ. ಆಗದವರು ಸಂದೇಶವನ್ನಾದರೂ ಇಟ್ಟುಕೊಳ್ಳಲಿ, ಏನೂ ಇಲ್ಲದಿರುವುದಕ್ಕಿಂತ ಅದು ಎಷ್ಟೋ ಮೇಲು.

ಸಂದೇಶವನ್ನು ನೆಚ್ಚಿಕೊಂಡವರು ಸಿಮ್ ಕಾರ್ಡಿನ ಬಗ್ಗೆ ಎಚ್ಚರವಾಗಿರಬೇಕು. ನಮ್ಮಲ್ಲಿ ಯಾವುದೋ ಕಂಪೆನಿಯ ಕೊಡುಗೆ ನೋಡಿ ನಂಬರ್ ಬದಲಾಯಿಸುವ ಅಭ್ಯಾಸವಿದೆ. ಹಳೆಯ ಸಿಮ್ ಡಬ್ಬಿಯಲ್ಲಿ ಬಿದ್ದಿರುತ್ತದೆ, ಕರೆನ್ಸಿ ಹಾಕುವುದಿಲ್ಲ. ಹೀಗೆ ನಿಂತುಹೋದ ನಂಬರನ್ನು ಕಡಿತಗೊಂಡ 90 ದಿನಗಳ ನಂತರ ಕಂಪೆನಿಗಳು ಬೇರೊಬ್ಬ ಗ್ರಾಹಕರಿಗೆ ಕೊಡಬಹುದು. ಆಗ ನಿಮ್ಮ ಮಗನ ಖಾತೆಯ ಒಟಿಪಿ ಯಾವುದೋ ಊರಿನ ಯಾರದೋ ಮನೆಗೆ ಹೋಗುತ್ತದೆ. ಅವರು ಸಜ್ಜನರೇ ಇರಬಹುದು, ಆದರೆ ನಿಮ್ಮ ಕೀಲಿ ನಿಮ್ಮ ಕೈಯಲ್ಲಿಲ್ಲ. ನಂಬರ್ ಉಳಿಸಿಕೊಂಡೇ ಕಂಪೆನಿ ಬದಲಾಯಿಸುವ ಸೌಲಭ್ಯ 2011ರ ಜನವರಿಯಿಂದ ದೇಶದಾದ್ಯಂತ ಇದೆ. ಹೊಸ ನಂಬರ್ ಬೇಕೇ ಬೇಕೆಂದಾದರೆ ಮೊದಲು ಖಾತೆಗಳಲ್ಲಿ ಅದನ್ನು ದಾಖಲಿಸಿ, ಆಮೇಲೆ ಹಳೆಯದನ್ನು ಬಿಡಿ. ವಿದೇಶದಲ್ಲಿ ದುಡಿಯುವವರ ಮನೆಗಳಲ್ಲಿ ಇದು ಇನ್ನೂ ಮುಖ್ಯ. ತಂದೆಯ ಊರಿನ ನಂಬರಿಗೆ ಖಾತೆ ಜೋಡಿಸಿ, ತಂದೆ ಗಲ್ಫಿನಲ್ಲಿ, ಸಿಮ್ ಮೌನವಾಗಿ ಸತ್ತಿರುವುದನ್ನು ನಾನು ಒಂದೆರಡು ಮನೆಗಳಲ್ಲಿ ಕಂಡಿದ್ದೇನೆ.

ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಅಕ್ಕನ ಮನೆಯಲ್ಲಿ ಬೀಗ ಮುರಿದದ್ದು ಅದು ದುರ್ಬಲವಾಗಿದ್ದರಿಂದಲ್ಲ. ಕಂಪೆನಿ ಕೋಡ್ ಕಳುಹಿಸಿಯೇ ಇತ್ತು. ಅದನ್ನು ಒಳಗಿನವನೇ ಕಿಟಕಿಯಿಂದ ಹೊರಗೆ ಕೊಟ್ಟ. ಎಷ್ಟೇ ಗಟ್ಟಿ ಬೀಗವಾದರೂ ಇದಕ್ಕೆ ಮದ್ದಿಲ್ಲ. ಉಚಿತ ವಜ್ರ, ಉಚಿತ ನಾಣ್ಯ ಎನ್ನುವ ಪುಟಗಳೂ ಇದೇ ಜಾತಿಯವು. ಅವು ಥೇಟ್ ಫೇಸ್‌ಬುಕ್‌ನಂತೆಯೇ ಕಾಣುವ ನಕಲಿ ಬಾಗಿಲನ್ನು ನಿಲ್ಲಿಸಿ ಪಾಸ್‌ವರ್ಡೂ ಕೇಳುತ್ತವೆ, ಕೋಡೂ ಕೇಳುತ್ತವೆ. ಮಗು ಬರೆದ ಕೋಡನ್ನು ಅದೇ ನಿಮಿಷದಲ್ಲಿ ಅಸಲಿ ಬಾಗಿಲಿಗೆ ಹಾಕುವ ಕಳ್ಳರಿದ್ದಾರೆ. ಹಣ ಕೊಟ್ಟು ಇನ್ನೊಬ್ಬನ ಐಡಿ ಕೊಳ್ಳುವ ವ್ಯಾಪಾರವೂ ಮಕ್ಕಳ ನಡುವೆ ನಡೆಯುತ್ತದೆ. ಮಾರಿದವನು ಮೂಲ ಇಮೇಲನ್ನು ತನ್ನಲ್ಲೇ ಇಟ್ಟುಕೊಂಡು ವಾರದೊಳಗೆ ಖಾತೆಯನ್ನು ವಾಪಸು ಎಳೆದುಕೊಳ್ಳುತ್ತಾನೆ. ಬಹಳಷ್ಟು ಆಟಗಳ ನಿಯಮದಲ್ಲಿ ಇಂತಹ ಮಾರಾಟಕ್ಕೆ ಅವಕಾಶವೇ ಇಲ್ಲದಿರುವುದರಿಂದ ಕಂಪೆನಿಗೆ ದೂರು ಕೊಡಲೂ ಮುಖವಿಲ್ಲ.

ಮಕ್ಕಳಿಗೆ ನಾನು ಹೇಳುವುದು ಇಷ್ಟು: ಆ ಸಂಖ್ಯೆ ಅಮ್ಮಿಯ ಮೊಬೈಲಿಗೆ ಬಂದರೆ ಅದು ಅಮ್ಮಿಯ ಅಮಾನತ್. ಕೇಳುವವನು ಅಣ್ಣನಿರಲಿ, ಗೆಳೆಯನಿರಲಿ, ಕಂಪೆನಿಯವನೆಂದು ಹೇಳಿಕೊಳ್ಳಲಿ, ಕೊಡುವ ಹಕ್ಕು ನಿನಗಿಲ್ಲ. ತಾಯಂದಿರಿಗೂ ಒಂದು ಮಾತಿದೆ. ಮೊಬೈಲಿಗೆ ಕೋಡ್ ಬಂದರೆ ಅದು ಯಾರೋ ಬಾಗಿಲು ತಟ್ಟಿದ ಸದ್ದು. ನೀವು ಕೇಳದೆಯೇ ಬಂತೆಂದರೆ ಅಪರಿಚಿತನೊಬ್ಬ ಹೊಸ್ತಿಲಲ್ಲಿ ನಿಂತಿದ್ದಾನೆ. ಒರೆಸಿ ಹಾಕಿ ಮರೆಯಬೇಡಿ, ಮಗನನ್ನು ಕರೆದು ಕೇಳಿ.

ಕೇಳುವ ರೀತಿಯೂ ಮುಖ್ಯ. ನಮ್ಮ ಹುಡುಗ ಎರಡು ದಿನ ಬಾಯಿ ಬಿಡಲಿಲ್ಲ. ಹೇಳಿದರೆ ಅಬ್ಬಾ ಹೊಡೆಯುತ್ತಾರೆ, ಮೊಬೈಲ್ ಕಿತ್ತುಕೊಳ್ಳುತ್ತಾರೆ ಎಂಬ ಭಯ. ಕಳ್ಳನ ಬಂಡವಾಳವೇ ಈ ಭಯ. ಗೂಗಲ್ ಖಾತೆಯ ಮರುಪ್ರಾಪ್ತಿಯ ನಂಬರನ್ನು ಕಳ್ಳ ಬದಲಾಯಿಸಿದರೂ ಏಳು ದಿನಗಳವರೆಗೆ ಹಳೆಯ ನಂಬರಿನ ಮೂಲಕವೇ ಅದನ್ನು ಮರಳಿ ಪಡೆಯುವ ಅವಕಾಶ ಸಿಗಬಹುದು. ಆ ಏಳರಲ್ಲಿ ಎರಡನ್ನು ನಾವು ಮೌನದಲ್ಲಿ ಕಳೆದಿದ್ದೆವು. ಆಟವೇ ಬೇಕೇ ಎಂಬ ಚರ್ಚೆ ಬೇರೆ. ನಮಾಝ್, ಓದು, ನಿದ್ದೆ ಮರೆತು ಆಡುವ ಮಕ್ಕಳಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ 'ಶಟ್' ಎಂಬ ಚಿಕಿತ್ಸಾಲಯ ಆರಂಭಿಸಿದೆ. ಹಣ ಕಟ್ಟಿ ಆಡುವ ಆಟಗಳಂತೂ ನಮಗೆ ಮೊದಲೇ ನಿಷಿದ್ಧ, 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ಕೂಡಾ ಅವುಗಳನ್ನು ನಿಷೇಧಿಸುತ್ತದೆ. ಆ ಚರ್ಚೆಯನ್ನು ಮಾಡೋಣ. ಆದರೆ ಮನೆಗೆ ಕಳ್ಳ ನುಗ್ಗಿದ ರಾತ್ರಿಯಲ್ಲಿ ಬೇಡ.

ಖಾತೆ ಹೋಯಿತೆಂದು ತಿಳಿದ ತಕ್ಷಣ ಮಾಡಬೇಕಾದದ್ದು, ಯಾವಾಗಲೂ ಬಳಸುವ ಅದೇ ಮೊಬೈಲಿನಿಂದ, ಅದೇ ಮನೆಯ ಸಂಪರ್ಕದಿಂದ ಕಂಪೆನಿಯ ಮರುಪ್ರಾಪ್ತಿ ಪುಟಕ್ಕೆ ಹೋಗುವುದು. ಪರಿಚಿತ ಮೊಬೈಲಿನಿಂದ ಬಂದವರನ್ನು ಕಂಪೆನಿ ಬೇಗ ಗುರುತಿಸುತ್ತದೆ. ಖಾತೆ ಸಿಕ್ಕಿದ ಕೂಡಲೇ ಪಾಸ್‌ವರ್ಡ್ ಬದಲಾಯಿಸಿ, ಗುರುತಿಲ್ಲದ ಸಾಧನಗಳನ್ನೆಲ್ಲ ಹೊರಹಾಕಿ, ನಂತರ ಎರಡನೆಯ ಬೀಗ ಹಾಕಬೇಕು. ಹಣವೂ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಸೈಬರ್ ಅಪರಾಧಗಳ ರಾಷ್ಟ್ರೀಯ ಸಹಾಯವಾಣಿ ಅದು. ಸೈಬರ್ ಅಪರಾಧಕ್ಕೆಂದೇ ದೇಶದ ಮೊದಲ ಪೊಲೀಸ್ ಠಾಣೆ ಆರಂಭವಾದದ್ದು 2001ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಈಗ ಜಿಲ್ಲೆಗಳಲ್ಲಿ ಸಿಇಎನ್ ಠಾಣೆಗಳಿವೆ, ಬೆಂಗಳೂರು ಗ್ರಾಮಾಂತರ ಜಿಲ್ಲೆಗೂ ಇದೆ. ಇನ್ನೊಬ್ಬರ ಪಾಸ್‌ವರ್ಡನ್ನು ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನ ಪ್ರಕಾರ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದಾದ ಅಪರಾಧ. ಆಟದ ವಿಷಯಕ್ಕೆ ಠಾಣೆಗೆ ಹೋಗುವುದೇ ಎಂದು ನಾಚಬೇಕಾಗಿಲ್ಲ.

ಅಕ್ಕನ ಇಮೇಲ್ ಐದನೆಯ ದಿನ ಅಲ್ಲಾಹನ ಅನುಗ್ರಹದಿಂದ ಮರಳಿ ಸಿಕ್ಕಿತು. ಆಟದ ಖಾತೆಯಲ್ಲಿ ಕಳ್ಳ ಮೋಸದ ಆಟವಾಡಿ ಅದು ನಿಷೇಧಕ್ಕೊಳಗಾಗಿತ್ತು. ಹುಡುಗ ಸ್ವಲ್ಪ ಅತ್ತ. ಭಾವ ರಾತ್ರಿ ಪಾಳಿ ಮುಗಿಸಿ ಬಂದವರು ಬೈಯಲಿಲ್ಲ. "ಇನ್ನು ಯಾರಾದರೂ ನಂಬರ್ ಕೇಳಿದರೆ ಮೊದಲು ನನಗೆ ಹೇಳು" ಎಂದಷ್ಟೇ ಹೇಳಿ ಮಲಗಲು ಹೋದರು. ಆ ಸಂಜೆ ಅಕ್ಕ, ಹುಡುಗ, ನಾನು ಮೂವರೂ ಕುಳಿತು ತಾಯಿಯ ಧ್ವನಿಯ ಹದಿಮೂರು ಮುದ್ರಣಗಳನ್ನು ಒಂದು ಪೆನ್‌ಡ್ರೈವಿಗೆ ಇಳಿಸಿದೆವು. ಎಲ್ಲವೂ ಸರಿಯಾಗಿ ಬಂದಿದೆಯೇ ಎಂದು ನೋಡಲು ಒಂದನ್ನು ಹಚ್ಚಿದಾಗ ಸೂರಃ ಯಾಸೀನ್ ಕೇಳಿಸಿತು. ನಡುವೆ ಒಂದು ಕಡೆ ಅವರು ಕೆಮ್ಮಿ, ನೀರು ಕೇಳಿದ್ದಾರೆ. ಲೋಟ ಇಡುವ ಸದ್ದೂ ಇದೆ. "ಆ ನೀರು ತಂದವನು ನಾನೇ ಖಾಲಾ" ಎಂದ ಹುಡುಗ.